ಚಿಕ್ಕಜಾಲ: ಒಂದು ಗೇಣಿನ ಮೆಟ್ಟಿಲು

ವಿಚಾರಸಂಕಿರಣ ನಡೆದದ್ದು ಬೆಂಗಳೂರಿನ ವಿಮಾನ ನಿಲ್ದಾಣದ ದಾರಿಯ ಹೋಟೆಲೊಂದರಲ್ಲಿ. ವಿಷಯ, ನಗರ ಮತ್ತು ನೀರಿನ ದಂಡೆ. ತೆರೆಯ ಮೇಲೆ ಅಹಮದಾಬಾದಿನ ಸಬರಮತಿ ತೀರ, ಸಿಂಗಪುರದ ಕೊಲ್ಲಿ ಒಂದರ ಹಿಂದೊಂದು ಸರಿದುಹೋದವು. ಕಾಫಿ ವಿರಾಮದಲ್ಲಿ ಕೊಚ್ಚಿಯಿಂದ ಬಂದಿದ್ದ ಪ್ರತಿನಿಧಿಯೊಬ್ಬರು ಕೇಳಿದರು: ನಿಮ್ಮೂರಿನ ನೀರು ಎಲ್ಲಿದೆ, ಹೋಗಿ ನೋಡೋಣವೇ? ಹಿನ್ನೀರಿನ ಮಗ್ಗುಲಲ್ಲಿ ಬೆಳೆದವರಿಗೆ ಇದು ಸಹಜ ಪ್ರಶ್ನೆ. ನದಿಯಿಲ್ಲದ ಊರಿನವನಿಗೆ ಮುಜುಗರ. ಸಂಘಟಕರು ಸಂಜೆಗೆ ಗೊತ್ತುಮಾಡಿದ್ದ ಬಸ್ಸು ಹೋಗುವುದು ಮಾಲ್‌ಗೆ. ನಾವಿಬ್ಬರೂ ಮಧ್ಯಾಹ್ನದ ಗೋಷ್ಠಿಗೆ ಚಕ್ಕರ್ ಹೊಡೆದು ಆಟೊ ಹತ್ತಿದೆವು.

ಬಳ್ಳಾರಿ ರಸ್ತೆಯಲ್ಲಿ ಚಿಕ್ಕಜಾಲದ ಫಲಕ ಕಂಡು ಅವರ ಮುಖ ಅರಳಿತು. ‘ಜಲ?’ ಎಂದರು. ‘ಜಲವಲ್ಲ, ಜಾಲ’ ಎಂದೆ. ಮುಂದೆ ದೊಡ್ಡಜಾಲವೂ ಇದೆ, ಇದೆಲ್ಲ ಜಾಲ ಹೋಬಳಿ.

ಚರಿತ್ರೆಯನ್ನು ಬೇಗ ಹೇಳಿಬಿಡುತ್ತೇನೆ. ಚಿಕ್ಕಜಾಲ ಇರುವುದು ಯಲಹಂಕಕ್ಕೂ ದೇವನಹಳ್ಳಿಗೂ ನಡುವೆ. ದೇವನಹಳ್ಳಿಯಲ್ಲಿ ಆವತಿಯ ಪಾಳೆಯಗಾರರು 1501ರಲ್ಲಿ ಕೋಟೆ ಕಟ್ಟಿದರು. ಯಲಹಂಕದ ಕೆಂಪೇಗೌಡರು 1537ರಲ್ಲಿ ಬೆಂಗಳೂರಿಗೆ ಬುನಾದಿ ಹಾಕಿದರು. 1791ರಲ್ಲಿ ದೇವನಹಳ್ಳಿಯನ್ನು ಟಿಪ್ಪುವಿನಿಂದ ಇಂಗ್ಲಿಷರು ಗೆದ್ದರು. 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ಬಂತು. ಆಮೇಲೆ ಚಿಕ್ಕಜಾಲ ಕಾರಿನ ಕಿಟಕಿಯಾಚೆ ಓಡಿಹೋಗುವ ಊರಾಯಿತು. ಈಗ ಮೆಟ್ರೊ ಕಂಬಗಳೂ ಏಳುತ್ತಿವೆ.

ಊರವರು ಕೋಟೆ ಎನ್ನುವುದು ಹೆದ್ದಾರಿಗೆ ಅಂಟಿಕೊಂಡೇ ಇದೆ. ಎತ್ತರದ ಕಲ್ಲುಗೋಡೆ, ಒಳಗೆ ಪಾಳುಬಿದ್ದ ಗುಡಿ, ಮೆಟ್ಟಿಲುಮೆಟ್ಟಿಲಾಗಿ ಇಳಿಯುವ ಕಲ್ಯಾಣಿ. ಹೋದ ದಿನ ಅಲ್ಲಿ ಮದುವೆಗೆ ಮುಂಚಿನ ಫೋಟೊ ತೆಗೆಸಿಕೊಳ್ಳುತ್ತಿದ್ದ ಜೋಡಿ ಇತ್ತು, ಬಿಯರ್ ಬಾಟಲಿಗಳಿದ್ದವು, ಎರಡು ಮೇಕೆ ಇದ್ದವು. ಮೇಕೆಗಳ ಯಜಮಾನರೇ ನಮಗೆ ಗೈಡು.

ಬೆಟ್ಟಹಲಸೂರಿನ ಕಡೆಯ ಕಲ್ಲುಕ್ವಾರಿಯಲ್ಲಿ ಬದುಕು ಸವೆಸಿದವರು ಅವರು. ಕ್ವಾರಿಗಳ ಗುಂಡಿಯಲ್ಲಿ ಈಗ ಮಳೆನೀರು ನಿಂತಿದೆ, ಮಳೆಗಾಲದಲ್ಲಿ ಹುಡುಗರು ಜಲಪಾತ ನೋಡಲು ಹೋಗುತ್ತಾರೆ. ಇವರು ರಾತ್ರಿ ಲೇಔಟೊಂದರ ವಾಚ್‌ಮನ್. ‘ಇದನ್ನ ಕಟ್ಟಿದೋನು ಕಲ್ಲಿನ ಎಳೆ ಬಲ್ಲೋನು ಸಾ’ ಎಂದು ಒಂದು ಮೆಟ್ಟಿಲನ್ನು ಅಂಗೈಯಿಂದ ಒರೆಸಿದರು. ‘ಮರಕ್ಕಿದ್ದಂಗೆ ಕಲ್ಲಿಗೂ ಎಳೆ ಐತೆ. ಎಳೆ ಹಿಡಿದು ಹೊಡೆದ್ರೆ ಹಲಗೆ ಬಿಟ್ಟಂಗೆ ಬಿಡ್ತದೆ. ಅಡ್ಡ ಹೊಡೆದ್ರೆ ಉಳಿ ಮುರೀತದೆ.’

ಕೆಲಸದ ಕ್ರಮವನ್ನು ಕೈಯಲ್ಲೇ ಮಾಡಿ ತೋರಿಸಿದರು. ಗೆರೆ ಎಳೆದು, ಅದರುದ್ದಕ್ಕೂ ಸಾಲಾಗಿ ಗುಳಿ ತೋಡಿ, ಒಂದೊಂದಕ್ಕೂ ಬೆಣೆ ಇಡಬೇಕು. ಒಂದೇ ಬೆಣೆಯನ್ನು ಜಪ್ಪಬಾರದು; ಸಾಲಿನ ಈ ತುದಿಯಿಂದ ಆ ತುದಿಗೆ ಒಂದೊಂದೇ ಏಟು, ಮತ್ತೆ ವಾಪಸು. ಕಿವಿ ಕೊಟ್ಟಿರಬೇಕು. ‘ಟಣ್ ಅಂತಿದ್ದದ್ದು ಡಬ್ ಅಂದ್ರೆ ಸುತ್ತಿಗೆ ಕೆಳಗಿಡೋದು. ಇನ್ನು ಕಲ್ಲು ತಾನೇ ಬಿಡ್ತದೆ.’

ಯಾರಿಗೆ ಕೊಡುತ್ತಿದ್ದಿರಿ ಎಂದೆ. ಮೊದಲು ಮನೆಗಳಿಗೆ ಚಪ್ಪಡಿ. ಆಮೇಲೆ ದ್ರಾಕ್ಷಿ ಚಪ್ಪರಕ್ಕೆ ಕಲ್ಲುಕಂಬ. 2013ರಲ್ಲಿ ಭೌಗೋಳಿಕ ಗುರುತು ಪಡೆದ ಬೆಂಗಳೂರು ನೀಲಿ ದ್ರಾಕ್ಷಿ ಈ ಸೀಮೆಯದೇ. ಕೊನೆಕೊನೆಗೆ ಬರೀ ಸೈಟಿನ ಮೂಲೆಗಲ್ಲು. ‘ನಾವು ಕೊಟ್ಟ ಕಂಬ ಕಿತ್ತು, ನಾವು ಕೊಟ್ಟ ಮೂಲೆಗಲ್ಲೇ ನೆಟ್ರು’ ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಕೆರೆಗಳ ಮಾತು ಬಂತು. ನಗರದ ಕೊಳಚೆಯನ್ನು ಸಂಸ್ಕರಿಸಿ ದಿನಕ್ಕೆ 210 ದಶಲಕ್ಷ ಲೀಟರ್ ನೀರನ್ನು 65 ಕೆರೆಗಳಿಗೆ ಹರಿಸುವ ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯ ಬಗ್ಗೆ ಬೆಳಿಗ್ಗೆಯಷ್ಟೇ ಭಾಷಣ ಕೇಳಿದ್ದೆ. ಅದನ್ನು ಉತ್ಸಾಹದಿಂದ ಹೇಳಿದೆ. ‘ಬರ್ಲಿ ಸಾ, ಬ್ಯಾಡ ಅನ್ನಲ್ಲ. ಆದ್ರೆ ಆ ನೀರ್ನಾಗೆ ಕೈಕಾಲು ತೊಳೀತೀರಾ?’ ಎಂದರು. ಭಾಷಣದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ನಮ್ಮ ತೆರೆಯ ಮೇಲಿನ ದಂಡೆಗಳೆಲ್ಲ ನೀರನ್ನು ನೋಡುವುದಕ್ಕೆ ಮಾಡಿದವು, ಕಂಬಿ ಹಿಡಿದು ನಿಲ್ಲುವುದಕ್ಕೆ.

ಕೊಚ್ಚಿಯವರು ಅಷ್ಟರಲ್ಲಿ ಮೆಟ್ಟಿಲಿಳಿಯುತ್ತಿದ್ದರು. ಯಜಮಾನರು ಅವರನ್ನು ತಡೆದು, ಬಗ್ಗಿ ಒಂದು ಮೆಟ್ಟಿಲಿನ ಎತ್ತರವನ್ನು ಬೆರಳಗಲಿಸಿ ಅಳೆದರು. ಒಂದು ಗೇಣು, ಹೆಚ್ಚುಕಡಿಮೆ. ‘ತುಂಬಿದ ಬಿಂದಿಗೆ ಸೊಂಟಕ್ಕಿಟ್ಟ ಹೆಣ್ಮಗಳು ಉಸಿರು ಕಟ್ದಂಗೆ ಹತ್ತಬೇಕಲ್ಲ, ಅದರ ಲೆಕ್ಕ.’ ನಾನು ಅನುವಾದಿಸಿದೆ. ಕೊಚ್ಚಿಯವರು ತಮ್ಮ ಕೈಯಲ್ಲೂ ಅಳೆದು ನೋಡಿದರು. ತಳದ ಹಸಿರು ನೀರಿನಲ್ಲಿ ವಿಮಾನವೊಂದರ ನೆರಳು ಹಾದುಹೋಯಿತು.

ಒಂದೇ ದೂರು. ಹೆದ್ದಾರಿ ಪಕ್ಕದಲ್ಲೇ ಇದ್ದರೂ ಕಲ್ಯಾಣಿ ಸೇರುವುದು ಸುಲಭವಲ್ಲ; ಎದುರು ಬದಿಯಲ್ಲಿ ಇಳಿದವರು ರಸ್ತೆ ದಾಟಲು ದೇವರನ್ನೇ ನೆನೆಯಬೇಕು. ಬೆಳಿಗ್ಗೆ ಬೇಗ ಹೋಗಿ, ನಿಮ್ಮ ಬಾಟಲಿ ನೀವೇ ವಾಪಸು ತನ್ನಿ.

ಮರುದಿನ ಸಮಾರೋಪದಲ್ಲಿ, ಎಲ್ಲ ಗೋಷ್ಠಿಗಳಲ್ಲೂ ಭಾಗವಹಿಸಿದ್ದೇವೆಂದು ನಮಗೂ ಪ್ರಮಾಣಪತ್ರ ಕೊಟ್ಟರು. ಬೆಂಗಳೂರಿನಲ್ಲಿ ಏನು ನೋಡಿದಿರಿ ಎಂದು ಯಾರೋ ಕೊಚ್ಚಿಯವರನ್ನು ಕೇಳಿದರು. ಅವರು ಪ್ರಮಾಣಪತ್ರವನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಹೆಬ್ಬೆರಳು ಕಿರುಬೆರಳು ಅಗಲಿಸಿ ಒಂದು ಗೇಣು ತೋರಿಸಿದರು.