ಬೋರ್‌ವೆಲ್ ನೀರು: ನಾಲಿಗೆಯ ಮಾತು ನಂಬಬೇಡಿ

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಮನೆ ಕಟ್ಟುವವರು ಮೊದಲು ಬೋರ್ ಕೊರೆಸುತ್ತಾರೆ. ತೆಂಗಿನಕಾಯಿ ಹಿಡಿದು ಪಾಯಿಂಟ್ ನೋಡುವವರನ್ನು ಕರೆಸುತ್ತಾರೆ, ಸಾವಿರ ಅಡಿ ದಾಟಿದರೂ ಎದೆಗುಂದುವುದಿಲ್ಲ, ನೀರು ಚಿಮ್ಮಿದರೆ ಗಂಗಮ್ಮನಿಗೆ ಪೂಜೆ ಮಾಡುತ್ತಾರೆ. ಎಷ್ಟು ಇಂಚು ನೀರು ಬಂತು ಎಂದು ಬೀದಿಯವರೆಲ್ಲ ವಿಚಾರಿಸುತ್ತಾರೆ. ನೀರಿನಲ್ಲಿ ಏನಿದೆ ಎಂದು ವಿಚಾರಿಸುವವರು ಮಾತ್ರ ಅಪರೂಪ. ನೀರು ಪರೀಕ್ಷೆಯ ಲ್ಯಾಬಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವಳಾಗಿ ಇದನ್ನು ಒತ್ತಿ ಹೇಳಬೇಕೆನಿಸುತ್ತದೆ: ನಲ್ಲಿ ನೀರಾದರೆ ಪರೀಕ್ಷಿಸುವ ಹೊಣೆ ಕೊಡುವವರದು, ಸ್ವಂತ ಬೋರಾದರೆ ಆ ಹೊಣೆ ಪೂರ್ತಿ ಮನೆಯವರದೇ.

ಸ್ಯಾಂಪಲ್ ತಂದವರು ಸಾಮಾನ್ಯವಾಗಿ ಹೇಳುವ ಮಾತೊಂದಿದೆ. “ನೀರು ಸಿಹಿಯಾಗಿದೆ ಮೇಡಂ, ಬೇಳೆ ಚೆನ್ನಾಗಿ ಬೇಯುತ್ತೆ. ಸುಮ್ಮನೆ ಒಂದ್ಸಲ ನೋಡ್ಬಿಡಿ.” ಬೇಳೆ ಬೇಯದಿರುವುದು, ಸೋಪು ನೊರೆ ಬಾರದಿರುವುದು, ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವುದು ಗಡಸುತನದ ಗುರುತುಗಳು. ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚಿದ್ದರೆ ಹೀಗಾಗುತ್ತದೆ. ಅದು ಮನೆಗೆಲಸಕ್ಕೆ ತೊಂದರೆ, ಆದರೆ ಜೀವಕ್ಕೆ ಅಷ್ಟು ಅಪಾಯವಲ್ಲ. ನಮ್ಮ ಭಾಗದಲ್ಲಿ ನಿಜವಾಗಿ ಹೆದರಬೇಕಾದದ್ದು ಫ್ಲೋರೈಡಿಗೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನೀರಿನಲ್ಲಿರುವಷ್ಟು ಪ್ರಮಾಣಕ್ಕೆ ರುಚಿಯೂ ಇಲ್ಲ. ಇನ್ನೂ ಒಂದು ಮಾತು: ಕ್ಯಾಲ್ಸಿಯಂ ಕಡಿಮೆಯಿದ್ದಾಗಲೇ ಫ್ಲೋರೈಡ್ ನೀರಿನಲ್ಲಿ ಹೆಚ್ಚು ಕರಗಿ ನಿಲ್ಲುತ್ತದೆ. ಹಾಗಾಗಿ ಮೆದು ನೀರು, ಸಿಹಿ ನೀರು ಎಂದು ನೆಮ್ಮದಿಯಿಂದ ಕುಡಿಯುವಂತಿಲ್ಲ.

ಪತ್ತೆ ಹಚ್ಚುವುದು ಕಷ್ಟವಲ್ಲ. ಫೀಲ್ಡ್ ಕಿಟ್‌ನ ಪುಟ್ಟ ಸೀಸೆಗೆ ಗೆರೆಯವರೆಗೆ ನೀರು ತುಂಬಿ, ಪರೀಕ್ಷೆಯ ದ್ರಾವಣದ ಹನಿಗಳನ್ನು ಬಿಟ್ಟು ಅಲ್ಲಾಡಿಸುತ್ತೇವೆ. ಫ್ಲೋರೈಡ್ ಇಲ್ಲದಿದ್ದರೆ ಗುಲಾಬಿ ಬಣ್ಣ ಹಾಗೇ ಉಳಿಯುತ್ತದೆ. ಇದ್ದರೆ ಬಣ್ಣ ಮಾಸುತ್ತಾ ಹಳದಿಗೆ ತಿರುಗುತ್ತದೆ. ಅದನ್ನು ಕಾರ್ಡಿನ ಬಣ್ಣದ ಪಟ್ಟಿಗೆ ಹೋಲಿಸಿದರೆ ಅಂದಾಜು ಸಿಗುತ್ತದೆ, ಲ್ಯಾಬಿನಲ್ಲಿ ನಿಖರ ಅಂಕಿ ಸಿಗುತ್ತದೆ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು; ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು.

ಈ ಫ್ಲೋರೈಡ್ ಯಾವುದೋ ಕಾರ್ಖಾನೆಯಿಂದ ಬಂದದ್ದಲ್ಲ. ನಮ್ಮ ಕಾಲ ಕೆಳಗಿನ ಗ್ರಾನೈಟ್ ಬಂಡೆಯಲ್ಲೇ ಅದಿದೆ. ನೀರು ಬಂಡೆಯ ಬಿರುಕುಗಳಲ್ಲಿ ಹೆಚ್ಚು ಕಾಲ ನಿಂತಷ್ಟೂ ಹೆಚ್ಚು ಕರಗುತ್ತದೆ. ನೆರೆಯ ಆಂಧ್ರದ ನೆಲ್ಲೂರು ಜಿಲ್ಲೆಯಲ್ಲಿ ಇದರಿಂದಾಗುವ ಫ್ಲೋರೋಸಿಸ್ ಕಾಯಿಲೆಯನ್ನು ವೈದ್ಯರು 1937ರಲ್ಲೇ ದಾಖಲಿಸಿದ್ದರು. ಹಲ್ಲು ಮೂಡುವ ವಯಸ್ಸಿನ ಮಕ್ಕಳು ಈ ನೀರು ಕುಡಿದರೆ ಹಲ್ಲಿನ ಮೇಲೆ ಸುಣ್ಣದಂಥ ಮಚ್ಚೆ, ಕಂದು ಗೆರೆ ಬಂದು ಶಾಶ್ವತವಾಗಿ ಉಳಿಯುತ್ತವೆ. ಹೆಚ್ಚು ಪ್ರಮಾಣದ ಫ್ಲೋರೈಡ್ ವರ್ಷಾನುಗಟ್ಟಲೆ ಒಳಗೆ ಹೋದರೆ ಕೀಲು, ಬೆನ್ನು, ಕುತ್ತಿಗೆ ಬಿಗಿಯುತ್ತವೆ. ಬಿಗಿದ ಮೂಳೆಯನ್ನು ಮೊದಲಿನಂತೆ ಮಾಡುವ ಔಷಧಿಯಿಲ್ಲ.

ಕಾಯಿಸಿ ಕುಡಿದರೆ ಸರಿಹೋಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಕುದಿಸಿದರೆ ರೋಗಾಣು ಸಾಯುತ್ತವೆ, ಅದು ನಿಜ. ಆದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಂತೆ ಅದರ ಸಾಂದ್ರತೆ ಏರುತ್ತದೆ. ನೈಟ್ರೇಟ್ ಕಥೆಯೂ ಇದೇ. ಗೊಬ್ಬರ ಹಾಕಿದ ಹೊಲ, ಕೊಟ್ಟಿಗೆ, ಶೌಚಗುಂಡಿಯಿಂದ ಇಳಿಯುವ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ಬಾಟಲಿ ಹಾಲು ಕುಡಿಯುವ ಆರು ತಿಂಗಳೊಳಗಿನ ಕೂಸಿಗೆ ಅಂಥ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕೊಟ್ಟರೆ ರಕ್ತ ಆಮ್ಲಜನಕ ಒಯ್ಯುವ ಶಕ್ತಿ ಕಳೆದುಕೊಂಡು ಮಗುವಿನ ಮೈ ನೀಲಿಗಟ್ಟಬಹುದು.

ಬೋರಿನಲ್ಲಿ ಚೆನ್ನಾಗಿರುವ ನೀರು ಸಂಪಿಗೆ ಬಂದಮೇಲೆ ಕೆಡುವುದೂ ಉಂಟು. ಅಂಗಳದ ಮಟ್ಟಕ್ಕೇ ಇರುವ ಮುಚ್ಚಳ, ಪಕ್ಕದಲ್ಲೇ ಹಾದುಹೋಗುವ ಚರಂಡಿ ಪೈಪು, ಬಿರುಕು ಬಿಟ್ಟ ಗೋಡೆ ಇವೇ ಮೂಲ. ಮುಚ್ಚಳದ ಅಂಚನ್ನು ನೆಲದಿಂದ ಎತ್ತರಿಸಿ, ಸಂಪನ್ನು ಆಗಾಗ ಖಾಲಿ ಮಾಡಿ ಉಜ್ಜಿ ತೊಳೆಸಿ. ಸಾವಿರ ಲೀಟರ್ ನೀರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರನ್ನು ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಸುರಿದು ಒಂದು ಗಂಟೆ ಬಿಡಿ.

ಆರ್‌ಒ ಮಷಿನ್ ಫ್ಲೋರೈಡನ್ನೂ ನೈಟ್ರೇಟನ್ನೂ ಬಹುಪಾಲು ತೆಗೆಯುತ್ತದೆ. ಬರಿ ಯುವಿ ದೀಪದ ಫಿಲ್ಟರ್ ರೋಗಾಣುಗಳನ್ನಷ್ಟೇ ಕೊಲ್ಲುತ್ತದೆ, ಫ್ಲೋರೈಡನ್ನು ಮುಟ್ಟುವುದಿಲ್ಲ. ಆದ್ದರಿಂದ ರಿಪೋರ್ಟ್ ನೋಡದೆ ಮಷಿನ್ ಕೊಳ್ಳಬೇಡಿ. ಎಲ್ಲ ಲವಣಗಳೂ ಮಿತಿಯಲ್ಲಿರುವ ನೀರಿಗೆ ಆರ್‌ಒ ಹಾಕಿಸಿದರೆ ಹಣವೂ ದಂಡ, ಹೊರಚೆಲ್ಲುವ ನೀರೂ ದಂಡ.

ಇನ್ನೊಂದು ದಾರಿ ನಮ್ಮ ತಲೆಯ ಮೇಲೇ ಇದೆ. ಮಳೆ ನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಒಂದು ಚದರ ಮೀಟರ್ ತಾರಸಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 30x40 ಅಡಿ ಸೈಟಿನ ಅಳತೆಯಷ್ಟು ತಾರಸಿಗೆ ವರ್ಷಕ್ಕೆ 700 ಮಿಲಿಮೀಟರ್ ಮಳೆಯಾದರೆ, ಪೋಲಾಗುವುದನ್ನು ಕಳೆದರೂ 60 ಸಾವಿರ ಲೀಟರ್ ದಾಟುತ್ತದೆ. ನಾಲ್ಕು ಜನರ ಅಡುಗೆಗೂ ಕುಡಿಯಲಿಕ್ಕೂ ದಿನಕ್ಕೆ 30 ಲೀಟರ್ ಎಂದುಕೊಂಡರೆ ವರ್ಷಕ್ಕೆ ಬೇಕಾಗುವುದು 11 ಸಾವಿರ ಲೀಟರ್. ಮೊದಲ ಮಳೆಯ ಕೊಳೆ ನೀರನ್ನು ಹೊರಬಿಟ್ಟು, ಸೋಸಿ, ಬೆಳಕು ಬೀಳದ ತೊಟ್ಟಿಯಲ್ಲಿ ಶೇಖರಿಸಿ, ರೋಗಾಣು ನಿವಾರಿಸಿಕೊಂಡು ಬಳಸಬೇಕು.

ಈ ವಾರವೇ ಒಂದು ಕೆಲಸ ಮಾಡಿ. ಮೋಟರ್ ಹಾಕಿ ಐದು ನಿಮಿಷ ನೀರು ಹರಿಯಬಿಡಿ, ಸ್ವಚ್ಛವಾದ ಒಂದು ಲೀಟರ್ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಲ್ಲಿ ತೊಳೆದು ತುಂಬಿಸಿ, ನೀರು ಪರೀಕ್ಷೆಯ ಲ್ಯಾಬಿಗೆ ಕೊಡಿ. ರೋಗಾಣು ಪರೀಕ್ಷೆಗೆ ಅವರೇ ಕೊಡುವ ಸ್ಟೆರೈಲ್ ಬಾಟಲಿ ಬಳಸಿ. ಬೇಸಿಗೆಯ ಕೊನೆಗೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ, ಬೋರ್ ಇನ್ನಷ್ಟು ಆಳಕ್ಕೆ ಇಳಿಸಿದಾಗ ತಪ್ಪದೆ ಮತ್ತೊಮ್ಮೆ ಪರೀಕ್ಷೆ ಮಾಡಿಸಿ. ಬೋರಿಗೆ ಲಕ್ಷಗಟ್ಟಲೆ ಖರ್ಚು ಮಾಡುವ ನಾವು ಮಕ್ಕಳ ಹಲ್ಲು, ಮೂಳೆಗಾಗಿ ಇಷ್ಟು ಮಾಡಲೇಬೇಕು.