ಫೋಟೊವನ್ನು ಲೋಹದ ಹಲಗೆಗೆ ಅಂಟಿಸುವುದು: ಒಂದು ಪಾಠಾಭ್ಯಾಸದ ಅನುಭವ

ಕೊಕಟನೂರಿನ ಪ್ರೌಢಶಾಲೆಯೊಂದರಲ್ಲಿ ಪಾಠಾಭ್ಯಾಸಕ್ಕಿದ್ದಾಗ, ಯಲ್ಲಮ್ಮನ ಜಾತ್ರೆಯ ಹಳೆಯ ಫೋಟೊಗಳನ್ನು ಮಕ್ಕಳ ಮನೆಗಳಿಂದ ಕೂಡಿಸಿ ಪಡಸಾಲೆಯಲ್ಲಿ ಕಾಯಂ ಆಗಿ ತೂಗುಹಾಕುವ ಕೆಲಸ ನನ್ನ ಪಾಲಿಗೆ ಬಂತು. ರಟ್ಟು ಮಳೆಗಾಲದ ತೇವಕ್ಕೆ ಬಾಗುತ್ತದೆ; ಲೋಹವೇ ಸರಿ ಎಂದುಕೊಂಡೆ. ಅದನ್ನೇ ಒಂಬತ್ತನೆಯ ತರಗತಿಗೆ ಒಂದು ಪಾಠವಾಗಿಯೂ ಯೋಜಿಸಿದೆ.

ಮೊದಲು ಮನೆಯಲ್ಲಿ ಪ್ರಯೋಗ. ನಮ್ಮ ಅಜ್ಜನ ಕಪ್ಪು-ಬಿಳುಪು ಫೋಟೊವನ್ನು ಬಡಗಿಗಳು ಬಳಸುವ ಬಿಳಿ ಅಂಟಿನಿಂದ ಅಲ್ಯೂಮಿನಿಯಂ ತಗಡಿಗೆ ಅಂಟಿಸಿದೆ. ಮರುದಿನ ಅಂಚು ಒಣಗಿತ್ತು, ನಡುವೆ ಗುಳ್ಳೆ ಎದ್ದಿತ್ತು. ಬಿಡಿಸಲು ಹೋದೆ, ಅಜ್ಜನ ಅರ್ಧ ಮುಖ ಕಿತ್ತುಬಂತು. ಅವ್ವನಿಗೆ ಇನ್ನೂ ಹೇಳಿಲ್ಲ.

ಕಾರಣ ಸರಳ. ಆ ಅಂಟಿನಲ್ಲಿ ನೀರಿದೆ. ಮರವಾದರೆ ಹೀರಿಕೊಳ್ಳುತ್ತದೆ, ಲೋಹ ಹೀರುವುದಿಲ್ಲ. ನೀರೆಲ್ಲ ಕಾಗದಕ್ಕೇ ಇಳಿಯುತ್ತದೆ. ಕಾಗದ ನೆನೆದು ಹಿಗ್ಗುತ್ತದೆ, ಒಣಗುವಾಗ ಒಂದೇ ಸಮ ಕುಗ್ಗುವುದಿಲ್ಲ. ಹಳೆಯ ಫೋಟೊದ ಚಿತ್ರ ಇರುವುದು ಜೆಲಾಟಿನ್ ಪದರದಲ್ಲಿ. ಅದೂ ನೀರಿಗೆ ಉಬ್ಬಿ ಮೆತ್ತಗಾಗುತ್ತದೆ.

ಇನ್ನೊಂದು ಸಂಗತಿ ಉಷ್ಣ ವ್ಯಾಕೋಚನೆ. ಒಂದು ಮೀಟರ್ ಅಲ್ಯೂಮಿನಿಯಂ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.023 ಮಿ.ಮೀ. ಉದ್ದವಾಗುತ್ತದೆ. ಚಳಿಗಾಲದ ಬೆಳಗಿನ 15 ಡಿಗ್ರಿಯಿಂದ ಬಿಸಿಲಿಗೆ ಕಾದು 55 ಡಿಗ್ರಿಗೆ ಹೋದರೆ ಎಷ್ಟು? ಮಕ್ಕಳೇ ಲೆಕ್ಕ ಹಾಕಿದರು: 0.92 ಮಿ.ಮೀ. ಗಟ್ಟಿಯಾಗಿ ಒಣಗುವ ಅಂಟು ಈ ಎಳೆದಾಟವನ್ನು ಬಹುಕಾಲ ತಾಳದು. ಆದ್ದರಿಂದ ಒತ್ತಿದರೆ ಹಿಡಿಯುವ, ಮೆದುವಾಗಿಯೇ ಉಳಿಯುವ ಅಕ್ರಿಲಿಕ್ ಅಂಟಿನ ಹಾಳೆ ಬೇಕು.

ತೆಳು ತಗಡಿಗಿಂತ ಅಂಗಡಿಗಳ ಮುಂಭಾಗಕ್ಕೆ ಬಡಿಯುವ ಎಸಿಪಿ ಹಲಗೆ ಮೇಲು. ಎರಡು ತೆಳು ಅಲ್ಯೂಮಿನಿಯಂ ಹಾಳೆಗಳ ನಡುವೆ ಪ್ಲಾಸ್ಟಿಕ್ ತಿರುಳು, 3 ಮಿ.ಮೀ. ದಪ್ಪದ್ದು ಹಗುರ, ಸಪಾಟಾಗಿಯೇ ನಿಲ್ಲುತ್ತದೆ. ಅದನ್ನು ಸ್ಪಿರಿಟ್‌ನಿಂದ ಒರೆಸಿ, ಫ್ಯಾನ್ ಆರಿಸಿ (ಒಂದು ಮರಳಿನ ಕಣ ಸಿಕ್ಕರೂ ಫೋಟೊದ ಮೇಲೆ ಮೊಡವೆಯಂತೆ ಕಾಣುತ್ತದೆ), ಅಂಟಿನ ಹಾಳೆಯ ರಕ್ಷಣಾ ಕಾಗದವನ್ನು ಒಂದು ಅಂಚಿನಲ್ಲಿ ಎರಡು ಬೆರಳಗಲ ಮಾತ್ರ ಸುಲಿಯಬೇಕು. ಫೋಟೊದ ಅಂಚನ್ನು ಅಲ್ಲಿ ಕೂಡಿಸಿ, ಉಳಿದದ್ದನ್ನು ಸ್ವಲ್ಪಸ್ವಲ್ಪವೇ ಸುಲಿಯುತ್ತ ರಬ್ಬರ್ ರೋಲರ್‌ನಿಂದ ಒತ್ತುತ್ತ ಹೋಗಬೇಕು. ತೂಗುಹಾಕುವಾಗ ಹಿಂದೆ ಗಾಳಿಯಾಡಲು ಜಾಗವಿರಲಿ, ನೇರ ಬಿಸಿಲು ಬೀಳದಿರಲಿ.

ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗಿ ಕೇಳಿದಳು: “ಮತ್ತ ಬಿಚ್ಚಾಕ ಬರತೈತೇನ್ರಿ ಸರ್?”

ಬರುವುದಿಲ್ಲ. ಚೆನ್ನಾಗಿ ಅಂಟಿಸಿದಷ್ಟೂ ಬಿಡಿಸುವುದು ಕಷ್ಟ. ಮೇಜಿನ ಮೇಲೆ ಅವಳ ಮನೆಯ ಫೋಟೊ ಇತ್ತು, ಮತ್ತೊಂದು ಪ್ರತಿ ಇಲ್ಲದ್ದು. ಅಜ್ಜನ ಫೋಟೊ ಹಾಳಾದ ಮೇಲೂ ನಾನು ಅಂಟನ್ನಷ್ಟೇ ಬದಲಿಸಿದ್ದೆ. ಮೂಲವನ್ನೇ ಅಂಟಿಸಬೇಕೆ ಎಂದು ಯೋಚಿಸಿರಲಿಲ್ಲ. ಪಾಠಯೋಜನೆಯಲ್ಲಿ ಆ ಪ್ರಶ್ನೆಗೆ ಒಂದು ಸಾಲೂ ಇರಲಿಲ್ಲ.

ಅಂದು ಅಂಟಿಸುವುದನ್ನು ನಿಲ್ಲಿಸಿದೆ. ಎಲ್ಲ ಫೋಟೊಗಳನ್ನು ಅಥಣಿಯಲ್ಲಿ ಸ್ಕ್ಯಾನ್ ಮಾಡಿಸಿ, ಹೊಸ ಪ್ರಿಂಟ್‌ಗಳನ್ನಷ್ಟೇ ಹಲಗೆಗೆ ಏರಿಸಿದೆವು. ಮೂಲಗಳು ಕಾಗದದ ಲಕೋಟೆಗಳಲ್ಲಿ ಅವರವರ ಮನೆಗೆ ಹಿಂತಿರುಗಿದವು. ಮುಂದಿನ ವಿಭಾಗಕ್ಕೆ ಅದೇ ಪಾಠ ಮಾಡುವಾಗ ಅಂಟು, ಹಲಗೆ ಯಾವುದನ್ನೂ ಮೊದಲು ತೋರಿಸಲಿಲ್ಲ. ಅಜ್ಜನ ಅರ್ಧ ಮುಖದ ತಗಡನ್ನು ಕೈಯಿಂದ ಕೈಗೆ ಸಾಗಿಸಿದೆ.