ನಾಗಬನಗಳು ಕೈಜೋಡಿಸಿದರೆ

ಪ್ರಶ್ನೆ: ಉಡುಪಿ ಜಿಲ್ಲೆಯ ಪೆರ್ಡೂರಿನಂಥ ಊರಿನ ನಾಗಬನ, ಹಾಡಿಗಳ ಒಡೆಯರು ಒಟ್ಟಾಗಿ ಕಾಡುಪ್ರಾಣಿಗಳ ನೆಲೆ ಉಳಿಸಬಲ್ಲರೇ?

ಉಳಿಸಬಲ್ಲರು, ಆದರೆ ಒಬ್ಬೊಬ್ಬರಾಗಿ ಅಲ್ಲ. ಚಾಮರಾಜನಗರ ಜಿಲ್ಲೆಯ ಎಡೆಯಾರಳ್ಳಿ–ದೊಡ್ಡಸಂಪಿಗೆ ಆನೆ ದಾರಿಯನ್ನು ನೋಡಿ. ಬಿಳಿಗಿರಿರಂಗನ ಬೆಟ್ಟದ ಕಾಡನ್ನು ಮಲೆ ಮಹದೇಶ್ವರ ಬೆಟ್ಟದ ಕಡೆಯ ಕಾಡಿಗೆ ಬೆಸೆಯುವ ಆ ಕಿರಿದಾದ ಪಟ್ಟಿಯಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಇತರ ಸಂಸ್ಥೆಗಳೊಡನೆ ಸೇರಿ ಸುಮಾರು 25 ಎಕರೆ ಖಾಸಗಿ ಜಮೀನು ಕೊಂಡು ಅರಣ್ಯ ಇಲಾಖೆಗೆ ಒಪ್ಪಿಸಿತು. ಅಷ್ಟು ಚಿಕ್ಕ ತುಂಡಿಗೆ ಬೆಲೆ ಬಂದದ್ದು ಅದರ ಎರಡೂ ಬದಿಯಲ್ಲಿ ಕಾಡು ಇದ್ದುದರಿಂದ. ಪೆರ್ಡೂರು ಕೂಡ ನಡುವಿನ ನೆಲವೇ: ಪೂರ್ವಕ್ಕೆ ಹೆಬ್ರಿ, ಸೋಮೇಶ್ವರ ಅಭಯಾರಣ್ಯ, ಆಗುಂಬೆ, ಪಶ್ಚಿಮಕ್ಕೆ ಹಿರಿಯಡಕ, ಮಣಿಪಾಲ.

ಸೆಂಟ್ಸ್ ಲೆಕ್ಕದ ನಾಗಬನದಿಂದ ಏನಾದೀತು ಎಂಬ ಆಕ್ಷೇಪ ನ್ಯಾಯವಾದದ್ದೇ. ಕಾಟಿಗೆ ಅದು ಸಾಲದು. ಹಣ್ಣು ತಿಂದು ಬೀಜ ಹರಡುವ ಮಂಗಟ್ಟೆ ಹಕ್ಕಿಗೆ, ಪುನುಗಿಗೆ, ಕಪ್ಪೆಗೆ ಸಾಕಾಗಬಹುದು, ಬನದಿಂದ ಬನಕ್ಕೆ ಮರಗಳ ಸಾಲು ಇದ್ದರೆ ಮಾತ್ರ. ಆ ಸಾಲು ಕುಮ್ಕಿ ಜಾಗ (ಪಟ್ಟಾ ಜಮೀನಿಗೆ ತಾಗಿದ ಸರ್ಕಾರಿ ನೆಲ), ತೋಟದ ಅಂಚು, ತೋಡಿನ ದಂಡೆಗಳಲ್ಲಿದೆ. ಒಂದು ಕುಟುಂಬ ಕಡಿದರೂ ಕೊಂಡಿ ಕಳಚುತ್ತದೆ. ಬನಕ್ಕೆ ಕಾಂಕ್ರೀಟ್ ಕಟ್ಟೆ ಹಾಕಿ ಮರ ತೆಗೆಯುವುದು ನನಗೆ ನೋವು ತರುವುದು ಇದಕ್ಕಾಗಿಯೇ. ಹೀಗೆ ಒಟ್ಟಾಗಿ ಕಾಪಾಡಲು ಹೊರಟರೆ ಸರ್ಕಾರ ಜಮೀನು ಕಿತ್ತುಕೊಂಡೀತೆಂಬ ಭಯವೂ ಒಡೆಯರಲ್ಲಿದೆ. 2002ರ ವನ್ಯಜೀವಿ ಕಾಯ್ದೆ ತಿದ್ದುಪಡಿ ತಂದ ಸಮುದಾಯ ಮೀಸಲು ಪ್ರದೇಶದಲ್ಲಿ ಒಡೆತನ ಜನರಲ್ಲೇ ಉಳಿಯುತ್ತದೆ. ಆದರೆ ಒಮ್ಮೆ ಘೋಷಣೆಯಾದ ಮೇಲೆ ಭೂಬಳಕೆ ಬದಲಿಸಲು ಸಮಿತಿಯ, ಸರ್ಕಾರದ ಒಪ್ಪಿಗೆ ಬೇಕು. ಹಾಗಾಗಿ ಮೊದಲು ನೆರೆಮನೆಗಳ ನಡುವೆ ಲಿಖಿತ ಒಪ್ಪಂದ, ಆಮೇಲೆ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ದಾಖಲೆ.